ತರುಣರು ಕೂಡುವ ಅಂಗಳ

ಊರಿನಲ್ಲಿ ಹೊಡೆದಾಟ ನಡೆದಾಗ “ಈಗಿನ ಹುಡುಗರು ಕೆಟ್ಟರು” ಎಂದು ಹಿರಿಯರು ನಿಟ್ಟುಸಿರು ಬಿಡುವುದು ಹೊಸತೇನಲ್ಲ. ಆದರೆ ಹೊಡೆದಾಟಕ್ಕೆ ಮೊದಲು ಆ ಹುಡುಗರು ಸಂಜೆಯ ಹೊತ್ತು ಎಲ್ಲಿ ಸೇರುತ್ತಿದ್ದರು, ಯಾರೊಡನೆ ಸೇರುತ್ತಿದ್ದರು ಎಂದು ಕೇಳುವವರು ವಿರಳ. ಪುತ್ತೂರು ಸೀಮೆಯ ಚರಿತ್ರೆಯನ್ನು ಈ ಪ್ರಶ್ನೆಯಿಟ್ಟುಕೊಂಡು ನೋಡಿದರೆ ನಾವು ಕಲಿಯಬೇಕಾದುದು ಬಹಳವಿದೆ.

ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದ ಶಿವರಾಮ ಕಾರಂತರು ಮುಂದೆ ಪುತ್ತೂರಿನಲ್ಲಿ ನೆಲಸಿದರು. ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಬೆಂಬಲ ಅವರಿಗಿತ್ತು. ಮೂವತ್ತರ ದಶಕದಲ್ಲಿ ಪುತ್ತೂರಿನ ದಸರಾ ನಾಡಹಬ್ಬ ಹೆಸರು ಪಡೆಯಿತು; ಬಾಲವನದಲ್ಲಿ ಮಕ್ಕಳಿಗೆ ಆಟ, ಹಾಡು, ಕುಣಿತ, ಚಿತ್ರಗಳ ಮೂಲಕ ಕಲಿಸುವ ಪ್ರಯೋಗ ನಡೆಯಿತು. ಹಿಂಸೆಯನ್ನು ತಡೆಯುವುದಕ್ಕೆಂದು ಕಾರಂತರು ಇದನ್ನು ಕೈಕೊಂಡವರಲ್ಲ. ಆದರೆ ಎಳೆಯರ ಚೈತನ್ಯಕ್ಕೆ ಹರಿಯಲು ಒಂದು ಕಾಲುವೆ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಅದೇ ದಶಕದಲ್ಲಿ, 1934ರಲ್ಲಿ, ದೂರದ ಅಮೆರಿಕದ ಷಿಕಾಗೋ ನಗರದಲ್ಲಿ ಕ್ಲಿಫರ್ಡ್ ಷಾ ಎಂಬ ಸಮಾಜಶಾಸ್ತ್ರಜ್ಞರು ಇನ್ನೊಂದು ಪ್ರಯೋಗಕ್ಕೆ ತೊಡಗಿದರು. ನಗರದ ಕೆಲವು ಬಡ ಕೇರಿಗಳಲ್ಲಿ ಕಾಲಕಾಲಕ್ಕೆ ವಾಸಿಸುವ ಜನವೇ ಬದಲಾಗಿತ್ತು. ಒಂದು ದೇಶದ ವಲಸಿಗರು ಹೋಗಿ ಮತ್ತೊಂದು ದೇಶದವರು ಬಂದಿದ್ದರು. ಆದರೂ ಹುಡುಗರ ಅಪರಾಧ ಮಾತ್ರ ಅಲ್ಲಿ ಇಳಿಯಲಿಲ್ಲ. ಹಾಗಾದರೆ ದೋಷವಿರುವುದು ಜನಾಂಗದಲ್ಲಲ್ಲ, ಕೇರಿಯ ಸ್ಥಿತಿಯಲ್ಲಿ ಎಂದು ಷಾ ತರ್ಕಿಸಿದರು. ಹೊರಗಿನಿಂದ ಉಪದೇಶಕರನ್ನು ಕಳುಹಿಸುವ ಬದಲು, ಆಯಾ ಕೇರಿಯವರೇ ತಮ್ಮ ಮಕ್ಕಳ ಆಟ, ಶಿಬಿರಗಳ ಹೊಣೆ ಹೊರುವಂತೆ ಮಾಡಿದರು.

ಈ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೋ ಮೂಲದವರೇ ಹೆಚ್ಚಾಗಿರುವ ಬಾಯ್ಲ್ ಹೈಟ್ಸ್ ಎಂಬ ಬಡಾವಣೆಯಿದೆ. ಗುಂಪು ಕಟ್ಟಿಕೊಂಡು ಬಡಿದಾಡುತ್ತಿದ್ದ ಅಲ್ಲಿನ ತರುಣರಿಗೆ ಉದ್ಯೋಗ ದೊರಕಿಸುವ ಕೆಲಸವನ್ನು ಗ್ರೆಗ್ ಬಾಯ್ಲ್ ಎಂಬ ಪಾದ್ರಿಗಳು 1988ರಲ್ಲಿ ಆರಂಭಿಸಿದರು. 1992ರಲ್ಲಿ ಒಂದು ಬೇಕರಿಯೂ ತೆರೆಯಿತು. ಬೀದಿಯಲ್ಲಿ ಎದುರಾಳಿಗಳಾಗಿದ್ದವರು ಅಲ್ಲಿ ಅಕ್ಕಪಕ್ಕ ನಿಂತು ಹಿಟ್ಟು ನಾದಿದರು.

ನಮ್ಮಲ್ಲಿಯೂ ಇಂಥ ಅಂಗಳಗಳಿಗೆ ಬರವಿರಲಿಲ್ಲ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು; 1972ರಲ್ಲಿ ನೆಹರು ಯುವ ಕೇಂದ್ರಗಳು ಹುಟ್ಟಿದವು. ಇವುಗಳ ಆಸರೆಯಲ್ಲಿ ಹಳ್ಳಿಹಳ್ಳಿಗಳಲ್ಲಿ ಯುವಕ ಮಂಡಲಗಳು ಬೆಳೆದವು. ಶ್ರಮದಾನದ ರಸ್ತೆ, ವಾಲಿಬಾಲ್, ಕಬಡ್ಡಿ, ವಾರ್ಷಿಕೋತ್ಸವದ ನಾಟಕ ಇವೇ ಅವುಗಳ ಕಾರ್ಯಕ್ರಮ. ಜೊತೆಗೆ ತಾಳಮದ್ದಳೆಯಂತೂ ಇದ್ದೇ ಇತ್ತು. ಅರ್ಥಧಾರಿಗಳಿಬ್ಬರು ರಾತ್ರಿಯೆಲ್ಲ ಮಾತಿನ ಬಾಣ ಬಿಟ್ಟು, ಮಂಗಳ ಹಾಡಿದ ಮೇಲೆ ಜೊತೆಯಲ್ಲೇ ಕಾಫಿ ಕುಡಿದು ಹೊರಡುವುದನ್ನು ಕಂಡು ಬೆಳೆದ ಹುಡುಗನಿಗೆ, ವಿರೋಧವೆಂದರೆ ವೈರವಲ್ಲವೆಂದು ಬೇರೆ ಹೇಳಿಕೊಡಬೇಕಾಗಿಲ್ಲ. 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ಕಾಲೇಜನ್ನು ತೆರೆದ ಮೇಲೆ, ಆ ಕಡೆಯ ಮಕ್ಕಳಿಗೆ ಒಟ್ಟಿಗೆ ಕೂತು ಓದುವ ಅವಕಾಶವೂ ಊರಿನಲ್ಲೇ ಒದಗಿತು.

ಇಷ್ಟೆಲ್ಲ ಇದ್ದೂ 2022ರ ಜುಲೈಯಲ್ಲಿ ಸುಳ್ಯ ತಾಲೂಕಿನ ಬೆಳ್ಳಾರೆ ಪರಿಸರದಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಬೇರೆ ಬೇರೆ ಮತದ ಇಬ್ಬರು ತರುಣರು ಕೊಲೆಯಾದರು. ಎರಡು ಮನೆಗಳಲ್ಲಿ ಹೆತ್ತವರ ಕಣ್ಣೀರು ಒಂದೇ ಬಗೆಯದಾಗಿತ್ತು. ಪೊಲೀಸರು ಬರುವುದು, ನಿಷೇಧಾಜ್ಞೆ ಹೊರಡುವುದು ಕೇಡು ನಡೆದ ಮೇಲೆ. ಅವು ಬೇಡವೆಂದಲ್ಲ, ಆದರೆ ಕೇಡಿಗೆ ಮುಂಚಿನ ಕೆಲಸವನ್ನು ಅವು ಮಾಡಲಾರವು.

ಕೂಟವೊಂದಿದ್ದರೆ ಸಾಲದು, ಅದು ಯಾರ ಕೂಟವೆಂಬುದೂ ಮುಖ್ಯ. ಒಂದೇ ಜಾತಿಮತದವರು ಸೇರುವ ಸಂಘದಲ್ಲಿ ಶಿಸ್ತಿರಬಹುದು, ಸೇವೆಯೂ ಇರಬಹುದು. ನೆರೆಮನೆಯವನ ಪರಿಚಯ ಮಾತ್ರ ಅಲ್ಲಿ ಆಗದು. ಒಂದೇ ತಂಡದಲ್ಲಿ ಆಡಿ ಸೋತವನ ಹೆಸರು, ಅವನ ತಾಯಿಯ ಕಾಯಿಲೆ, ಅವನ ಮನೆಯ ಅಡಕೆ ತೋಟದ ಸಾಲ ಇವೆಲ್ಲ ತಿಳಿದವನಿಗೆ ಅವನ ಮೇಲೆ ಕೈಯೆತ್ತುವುದು ಸುಲಭವಲ್ಲ. ಪುತ್ತೂರಿನಲ್ಲಾಗಲಿ, ಸುಳ್ಯ, ಕಡಬಗಳಲ್ಲಾಗಲಿ, ಶಾಲೆಯ ಬಯಲಿನಲ್ಲಿ ಸಂಜೆ ಆಡುವ ಹುಡುಗರನ್ನು ಒಮ್ಮೆ ಎಣಿಸಿ ನೋಡೋಣ. ಊರಿನ ಎಲ್ಲ ಕೇರಿಗಳ ಮಕ್ಕಳೂ ಅಲ್ಲಿದ್ದಾರೆಯೆ? ಇಲ್ಲವಾದರೆ, ಬಾರದವರ ಮನೆಗೆ ಹೋಗಿ ಕರೆಯುವುದು ಹಿರಿಯರಾದ ನಮ್ಮ ಕೆಲಸ.