ಸರ್ವಾಧಿಕಾರಿ ಹೋದ ಮೇಲೆ ಖುರ್ಚಿ ಯಾರದ್ದು? ಹೈಟಿಯ ಕತೆ

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಪೂರ್ತಿ ಓದಿ.

ಹೋದ ಭಾನುವಾರ ನಮ್ಮ ಓದುಕೂಟದಲ್ಲಿ ಒಬ್ಬ ಹುಡುಗ ಕೇಳಿದ: "ಅಣ್ಣಾ, ಸರ್ವಾಧಿಕಾರಿ ಒಬ್ಬ ತೊಲಗಿದ್ರೆ ಅಧಿಕಾರ ತಾನಾಗೇ ಜನರ ಕೈಗೆ ಬರುತ್ತಲ್ವಾ?" ಆವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಮನೆಗೆ ಬಂದ ಮೇಲೆ ಹೈಟಿ ನೆನಪಾಯ್ತು.

ಹೈಟಿ ನಾವು ಓದಲೇಬೇಕಾದ ದೇಶ. 1791ರಲ್ಲಿ ಅಲ್ಲಿ ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡೀತಿದ್ದ ಆಫ್ರಿಕನ್ ಗುಲಾಮರು ದಂಗೆ ಎದ್ದರು. ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು. ಬಣ್ಣ ಯಾವುದೇ ಇರಲಿ, ಹೈಟಿಯವರೆಲ್ಲ ಇನ್ಮೇಲೆ 'ಕಪ್ಪು ಜನ' ಅಂತಲೇ ಕರೆಸಿಕೊಳ್ಳಬೇಕು ಎಂದು 1805ರ ಸಂವಿಧಾನದಲ್ಲಿ ಬರೆದುಕೊಂಡರು. ಬೈಗುಳವಾಗಿದ್ದ ಹೆಸರನ್ನೇ ಎದೆಯುಬ್ಬಿಸಿ ಹೇಳ್ಕೊಳ್ಳೋದು ಅಂದ್ರೆ ಏನು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಆ ಸ್ವಾಭಿಮಾನಕ್ಕೆ ದಂಡ ಬಿತ್ತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ತೋಟದ ಹಳೇ ಮಾಲೀಕರಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಿ ಎಂದಿತು. ಗುಲಾಮರೇ ತಮ್ಮ ಬಿಡುಗಡೆಗೆ ಒಡೆಯನಿಗೆ ದುಡ್ಡು ಕಟ್ಟಬೇಕಂತೆ! ಆಮೇಲೆ ಮೊತ್ತ ಇಳಿದರೂ, ಅದಕ್ಕಾಗಿ ಮಾಡಿದ ಸಾಲ 20ನೇ ಶತಮಾನದವರೆಗೂ ಬೆನ್ನು ಬಿಡಲಿಲ್ಲ. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಅಲ್ಲೇ ಬೀಡುಬಿಟ್ಟು ಆಳಿತು.

1957ರಲ್ಲಿ ಫ್ರಾಂಸ್ವಾ ಡ್ಯುವಾಲಿಯರ್ ಅಧ್ಯಕ್ಷನಾದ. ಕಪ್ಪು ಜನರ ಹೆಸರು ಹೇಳ್ಕೊಂಡು ಬಂದವನು ಕಪ್ಪು ಜನರನ್ನೇ ಕೊಲ್ಲಿಸಿದ. 1971ರಲ್ಲಿ ಅವನು ಸತ್ತಾಗ 19 ವರ್ಷದ ಮಗ ಪಟ್ಟಕ್ಕೆ ಕೂತ. ಅಪ್ಪ, ಮಗ ಸೇರಿ 28 ವರ್ಷ. ಪಕ್ಕದ ಕ್ಯೂಬಾ ಕಮ್ಯುನಿಸ್ಟ್ ಆಗಿತ್ತಲ್ಲ, ಅಮೆರಿಕಕ್ಕೆ ಇಂಥವರು ಬೇಕಾಗಿತ್ತು. ಈ ಮಗನ ಕಾಲದಲ್ಲೇ, ಹಂದಿಜ್ವರ ತಮ್ಮ ಕಡೆಗೂ ಹರಡೀತು ಅಂತ ಅಮೆರಿಕ ಒತ್ತಾಯ ಮಾಡಿ ಹೈಟಿಯ ನಾಟಿ ಹಂದಿಗಳನ್ನೆಲ್ಲ ಕೊಲ್ಲಿಸಿತು. ಬಡವರಿಗೆ ಆ ಹಂದಿಯೇ ಬ್ಯಾಂಕು. ಮದುವೆ, ಆಸ್ಪತ್ರೆ, ಸ್ಕೂಲ್ ಫೀಸು ಎಲ್ಲ ಅದರಿಂದಲೇ. ನಮ್ಮಜ್ಜಿಯೂ ಹಂದಿ ಸಾಕಿಯೇ ನಮ್ಮಪ್ಪನನ್ನ ಓದಿಸಿದ್ದು. ಇದನ್ನ ಓದುವಾಗ ಹೊಟ್ಟೆ ಉರೀತು.

ಕೊನೆಗೆ ಜನ ಬೀದಿಗಿಳಿದರು. 1986ರ ಫೆಬ್ರವರಿ 7ರಂದು ಮಗ ಫ್ರಾನ್ಸಿಗೆ ಓಡಿಹೋದ. ಅವನನ್ನು ಸುರಕ್ಷಿತವಾಗಿ ಹೊತ್ತೊಯ್ದಿದ್ದು ಅಮೆರಿಕದ ವಾಯುಪಡೆ ವಿಮಾನ. ಖುರ್ಚಿ ಮಾತ್ರ ಜನಕ್ಕೆ ಸಿಗಲಿಲ್ಲ, ಸೇನಾಧಿಕಾರಿಗಳಿಗೆ ಹೋಯ್ತು. 1987ರ ನವೆಂಬರ್ 29ರಂದು ವೋಟು ಹಾಕೋಕೆ ಶಾಲೆಯೊಂದರಲ್ಲಿ ಸಾಲು ನಿಂತವರನ್ನೇ ಕೊಂದರು. ಚುನಾವಣೆ ರದ್ದಾಯ್ತು.

1990ರ ಡಿಸೆಂಬರ್‌ನಲ್ಲಿ ಮತ್ತೆ ಚುನಾವಣೆ. ಅಮೆರಿಕದ ಒಲವು ಇದ್ದದ್ದು ವಿಶ್ವಬ್ಯಾಂಕಿನ ಮಾಜಿ ಅಧಿಕಾರಿ ಮಾರ್ಕ್ ಬಾಜಿನ್ ಕಡೆಗೆ. ಜನ ಆರಿಸಿದ್ದು ಸ್ಲಮ್ಮಿನ ಪಾದ್ರಿ ಜಾನ್-ಬರ್ಟ್ರಾಂಡ್ ಅರಿಸ್ಟೀಡ್‌ನನ್ನು, ಶೇ. 67ರಷ್ಟು ವೋಟು ಕೊಟ್ಟು. ಕನಿಷ್ಠ ಕೂಲಿ ಏರಿಸ್ತೀನಿ ಅಂದ. ಎಂಟು ತಿಂಗಳು ತುಂಬೋ ಮುಂಚೆಯೇ ಸೈನ್ಯ ಅವನನ್ನು ಓಡಿಸ್ತು. ಆ ಕಾಲದಲ್ಲಿ ಅವನ ಬೆಂಬಲಿಗರನ್ನು ಕೊಂದ ಪಡೆಯ ಮುಖ್ಯಸ್ಥ ತಾನು ಸಿಐಎಯಿಂದ ಸಂಬಳ ಪಡೀತಿದ್ದೆ ಅಂತ ಆಮೇಲೆ ಒಪ್ಪಿಕೊಂಡ.

1994ರಲ್ಲಿ ಅದೇ ಅಮೆರಿಕ 20 ಸಾವಿರದಷ್ಟು ಸೈನಿಕರ ಜೊತೆ ಅರಿಸ್ಟೀಡ್‌ನನ್ನು ವಾಪಸ್ ಕರ್ಕೊಂಡು ಬಂತು. ಆದ್ರೆ ಷರತ್ತುಗಳಿದ್ದವು. ಅಕ್ಕಿಯ ಆಮದು ಸುಂಕ ಶೇ. 3ಕ್ಕೆ ಇಳೀತು. ಸಬ್ಸಿಡಿ ಪಡೆದ ಅಮೆರಿಕದ ಅಗ್ಗದ ಅಕ್ಕಿ ಬಂದು ಸುರೀತು, ಆರ್ಟಿಬೊನೀಟ್ ಕಣಿವೆಯ ಭತ್ತದ ರೈತರು ಮುಳುಗಿಹೋದರು. 2010ರಲ್ಲಿ ಬಿಲ್ ಕ್ಲಿಂಟನ್ ಸೆನೆಟ್ ಸಮಿತಿ ಮುಂದೆ ಇದು ತಪ್ಪಾಗಿತ್ತು, ತಮ್ಮ ಅರ್ಕಾನ್ಸಾದ ಕೆಲವು ರೈತರಿಗೆ ಲಾಭ ಆಗಿರಬಹುದು ಅಷ್ಟೇ ಅಂತ ಒಪ್ಪಿಕೊಂಡರು. ಗದ್ದೆ ವಾಪಸ್ ಬಂತಾ?

ಮೀಸಲು ಪಂಚಾಯ್ತಿಯಲ್ಲಿ ನಮ್ಮವರನ್ನ ಅಧ್ಯಕ್ಷರ ಖುರ್ಚಿ ಮೇಲೆ ಕೂರಿಸಿ, ಯಾವ ಕಾಗದಕ್ಕೆ ಸಹಿ ಹಾಕಬೇಕು ಅಂತ ಬೇರೆಯವರು ಹೇಳೋದನ್ನ ನಾವು ನೋಡಿಲ್ವಾ? ಹೈಟಿಗೂ ಆಗಿದ್ದು ಅದೇ. ಮನುಷ್ಯನನ್ನು ವಾಪಸ್ ಕೊಟ್ಟರು, ಅಧಿಕಾರವನ್ನು ಕೊಡಲಿಲ್ಲ.

ಅರಿಸ್ಟೀಡ್ ದೇವರೇನಲ್ಲ. ಎರಡನೇ ಅವಧಿಯಲ್ಲಿ ಅವನ ಬೆಂಬಲಿಗ ಗುಂಪುಗಳ ಹಿಂಸೆಯ ಮೇಲೂ ಗಂಭೀರ ಆರೋಪಗಳಿದ್ದವು. 2003ರಲ್ಲಿ ಅವನು ಆ 1825ರ ದಂಡದ ಹಣವನ್ನು ವಾಪಸ್ ಕೊಡಿ ಅಂತ ಫ್ರಾನ್ಸನ್ನ ಕೇಳಿದ, 2,100 ಕೋಟಿ ಡಾಲರಿಗೂ ಹೆಚ್ಚು. 2004ರ ಫೆಬ್ರವರಿ 29ರಂದು, ಬಂಡುಕೋರರು ರಾಜಧಾನಿ ಹತ್ತಿರ ಬರ್ತಿದ್ದಾಗ, ಮತ್ತೆ ಒಂದು ಅಮೆರಿಕನ್ ವಿಮಾನ ಅವನನ್ನು ದೇಶದಿಂದ ಹೊರಗೆ ಒಯ್ಯಿತು. ಅಪಹರಣ ಅಂದ ಅವನು. ತಾನಾಗೇ ಹೊರಟ ಅಂತು ಅಮೆರಿಕ.

1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ: ವೋಟಿನಲ್ಲಿ ಸಮಾನತೆ ಇದ್ದು ಬದುಕಿನಲ್ಲಿ ಇಲ್ಲದಿದ್ದರೆ ಪ್ರಜಾಪ್ರಭುತ್ವ ಉಳಿಯಲ್ಲ.

ತಮ್ಮಾ, ನಿನ್ನ ಪ್ರಶ್ನೆಗೆ ಈಗ ಉತ್ತರ ಹೇಳ್ತೀನಿ. ಸರ್ವಾಧಿಕಾರಿ ತೊಲಗಬೇಕು, ಅದಕ್ಕೆ ಹೋರಾಡಲೇಬೇಕು. ಆದ್ರೆ ಅವನು ಹೋದ ದಿನ ಪಟಾಕಿ ಹೊಡೆದು ಮಲಗಬೇಡ. ಸಾಲ ಯಾರದ್ದು, ಬಂದೂಕು ಯಾರ ಕೈಲಿದೆ, ಅಕ್ಕಿಯ ಬೆಲೆ ಎಲ್ಲಿ ಕೂತು ನಿರ್ಧಾರ ಮಾಡ್ತಾರೆ ಅಂತ ಮಾರನೇ ದಿನವೇ ಕೇಳು.

ಜೈಭೀಮ್.