ಒಂದೇ ಸೂರು, ಎರಡು ಸಭೆ: ಹುನಾವೀರ್ ಚರ್ಚಿನ ಹಂಚಿಕೆಯ ಚರಿತ್ರೆ

ಫ್ರಾನ್ಸಿನ ಪೂರ್ವಗಡಿಯ ಆಲ್ಸೇಸ್ ಪ್ರಾಂತ್ಯದಲ್ಲಿ, ರಿಬೋವಿಲೆ ಮತ್ತು ರಿಕ್ವಿರ್ ಪಟ್ಟಣಗಳ ನಡುವೆ, ದ್ರಾಕ್ಷಿ ತೋಟಗಳಿಂದ ಸುತ್ತುವರಿದ ಪುಟ್ಟ ಹಳ್ಳಿ ಹುನಾವೀರ್. ಅಲ್ಲಿನ ದಿಬ್ಬದ ಮೇಲೆ ಸಂತ ಯಾಕೋಬರ ಹೆಸರಿನ ಚರ್ಚಿದೆ. ದೂರದಿಂದ ನೋಡಿದವರಿಗೆ ಅದು ಕೋಟೆಯಂತೆಯೇ ಕಾಣುತ್ತದೆ. ಆರು ಮೂಲೆಯ ಕಲ್ಲಿನ ಗೋಡೆ, ಅದಕ್ಕೆ ಆರು ಅರೆವೃತ್ತದ ಕೊತ್ತಳ, ಒಳಗೆ ಸಮಾಧಿಗಳು, ಅವುಗಳ ನಡುವೆ ದಪ್ಪ ಚೌಕ ಗೋಪುರದ ಚರ್ಚು. ದಂಡು ಬಂದಾಗ ಊರವರು ಜೀವ ಉಳಿಸಿಕೊಳ್ಳಲು ಓಡಿಬರುತ್ತಿದ್ದ ಜಾಗವಿದು. 1687ರಿಂದ ಈಚೆಗೆ ಇದೇ ಚರ್ಚಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ತಮ್ಮ ತಮ್ಮ ಹೊತ್ತಿಗೆ ಆರಾಧನೆ ನಡೆಸುತ್ತ ಬಂದಿದ್ದಾರೆ.

ಇಂಥ ಹಂಚಿಕೆಯ ಚರ್ಚುಗಳನ್ನು ಸೌಹಾರ್ದದ ಪ್ರತೀಕವೆಂದು ಕೊಂಡಾಡುವುದು ಈಗ ವಾಡಿಕೆ. ದಾಖಲೆಗಳು ಹೇಳುವ ಕಥೆ ಬೇರೆ. ಈ ಹಂಚಿಕೆ ಹುಟ್ಟಿದ್ದು ಅರಸನ ಬಲವಂತದಿಂದ. ಅದು ಬಾಳಿದ್ದು ಮಾತ್ರ ಹಳ್ಳಿಯ ಜನ ಗಂಟೆ, ಮೇಣದಬತ್ತಿ, ಬೀಗದ ಕೈಗಳ ಬಗ್ಗೆ ಹಟ ಹಿಡಿದು ಮಾಡಿಕೊಂಡ ಕಟ್ಟುಪಾಡುಗಳಿಂದ. ಈ ಎರಡನ್ನೂ ಬಿಡಿಸಿ ನೋಡದೆ ಹೋದರೆ ಆ ಜನರ ಶ್ರಮಕ್ಕೆ ನ್ಯಾಯ ಸಲ್ಲುವುದಿಲ್ಲ.

ಊರಿನ ಹೆಸರು ಏಳನೇ ಶತಮಾನದ ಹುನಾ ಎಂಬ ಮಹಿಳೆಯದು. ಸಿರಿವಂತರ ಮನೆಯವಳಾಗಿದ್ದೂ ಬಡವರ ಬಟ್ಟೆ ಒಗೆದುಕೊಡುತ್ತಿದ್ದಳೆಂದು ಐತಿಹ್ಯ. 1520ರಲ್ಲಿ ಪೋಪ್ ಹತ್ತನೇ ಲಿಯೋ ಅವಳಿಗೆ ಸಂತ ಪದವಿ ನೀಡಿದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಊರು ಲೂಥರನ ಕಡೆಗೆ ವಾಲಿತ್ತು. ಕಾರಣ ಒಡೆತನ: ರಿಕ್ವಿರ್ ಸೀಮೆ 1324ರಿಂದಲೇ ವುರ್ಟೆಂಬರ್ಗ್ ಮನೆತನದ ಕೈಯಲ್ಲಿತ್ತು. ಆ ಮನೆತನ 1530ರ ದಶಕದಲ್ಲಿ ಸುಧಾರಣೆಯನ್ನು ಒಪ್ಪಿದಾಗ ಪ್ರಜೆಗಳ ಮತವೂ ಬದಲಾಯಿತು. (ಮುಂದೆ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ವುರ್ಟೆಂಬರ್ಗಿನಲ್ಲಿ.) ಗೋಪುರದ ಬುಡದಲ್ಲಿ ಸಂತ ನಿಕೋಲಾಸರ ಜೀವನಕಥೆಯ ಹಳೆಯ ಭಿತ್ತಿಚಿತ್ರಗಳಿದ್ದವು. ಅವು ಸುಣ್ಣದ ಪದರದಡಿ ಮರೆಯಾಗಿ, 19ನೇ ಶತಮಾನದಲ್ಲಷ್ಟೇ ಮತ್ತೆ ಬೆಳಕು ಕಂಡವು.

1648ರ ವೆಸ್ಟ್‌ಫಾಲಿಯಾ ಒಪ್ಪಂದದ ನಂತರ ಆಲ್ಸೇಸ್ ತುಂಡುತುಂಡಾಗಿ ಫ್ರಾನ್ಸಿನ ಹಿಡಿತಕ್ಕೆ ಬಂತು. 1681ರಲ್ಲಿ ಸ್ಟ್ರಾಸ್‌ಬರ್ಗ್ ಕೂಡ ಶರಣಾಯಿತು. ಫ್ರಾನ್ಸಿನ ಅರಸ ಹದಿನಾಲ್ಕನೇ ಲೂಯಿ 1685ರಲ್ಲಿ, ಪ್ರೊಟೆಸ್ಟಂಟರಿಗೆ ಆರಾಧನೆಯ ಹಕ್ಕು ಕೊಟ್ಟಿದ್ದ ನಾಂತ್ ಶಾಸನವನ್ನು ರದ್ದು ಮಾಡಿ ಉಳಿದ ಫ್ರಾನ್ಸಿನಲ್ಲಿ ಪ್ರೊಟೆಸ್ಟಂಟ್ ಆರಾಧನೆಯನ್ನೇ ನಿಷೇಧಿಸಿದ. ಆಲ್ಸೇಸಿನಲ್ಲಿ ಹಾಗೆ ಮಾಡಲು ವೆಸ್ಟ್‌ಫಾಲಿಯಾ ಒಪ್ಪಂದ ಅಡ್ಡ ಬರುತ್ತಿತ್ತು. ಹಾಗಾಗಿ ಅವನ ಮಂತ್ರಿ ಲೂವ್ವಾ ಬೇರೆ ದಾರಿ ಹಿಡಿದ. ಲೂಥರನ್ ಹಳ್ಳಿಯೊಂದರಲ್ಲಿ ಏಳು ಕ್ಯಾಥೊಲಿಕ್ ಕುಟುಂಬಗಳಿದ್ದರೆ ಸಾಕು, ಬಲಿಪೀಠವಿರುವ ಒಳಭಾಗ ಅವರ ಪಾಲಿಗೆ. ಭಕ್ತರು ಕೂರುವ ಭಾಗದಲ್ಲಿ ಇಬ್ಬರಿಗೂ ಸರದಿ. ಮತ ಬದಲಿಸಿದವರಿಗೆ ಕೆಲವು ವರ್ಷ ತೆರಿಗೆ ವಿನಾಯಿತಿ ಸಿಗುತ್ತಿದ್ದುದರಿಂದ ಏಳು ಮನೆಗಳನ್ನು ಕೂಡಿಸುವುದು ಕಷ್ಟವಾಗಿರಲಿಲ್ಲ. ಚರ್ಚು ಕೈತಪ್ಪಿದವರಿಗೆ ಇದು ಅನ್ಯಾಯವಾಗಿ ಕಂಡಿತು. ಆ ಭಾವನೆಯಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಹುನಾವೀರಿನಲ್ಲೂ ಈ ಏರ್ಪಾಟೇ ಜಾರಿಗೆ ಬಂತು. ದಿನನಿತ್ಯದ ತೊಡಕು ಶುರುವಾಗುವುದು ಇಲ್ಲಿಂದ. ಭಾನುವಾರ ಬೆಳಿಗ್ಗೆ ಯಾರ ಸರದಿ ಮೊದಲು? ಉಪದೇಶ ಉದ್ದವಾದರೆ ಹೊರಗೆ ಕಾಯುವವರ ಗತಿ? ಗಂಟೆಯ ಹಗ್ಗ ಯಾರದು, ಮಾಡಿನ ಹೆಂಚು ಒಡೆದರೆ ಹಣ ಯಾರದು? ಹಂಚಿಕೆಯ ಎಷ್ಟೋ ಚರ್ಚುಗಳಲ್ಲಿ ಲೂಥರನ್ನರ ಆರಾಧನೆಯ ಹೊತ್ತಿಗೆ ಬಲಿಪೀಠದ ಮುಂದೆ ಪರದೆ ಎಳೆಯುತ್ತಿದ್ದರು. ಚರ್ಚಿನ ಹೊರಗೆ ಜಗಳ ಬೇರೆ ರೂಪ ತಾಳಿತು. ಲೂಥರನ್ನರಿಗೆ ವರ್ಷದ ದೊಡ್ಡ ದಿನ ಶುಭ ಶುಕ್ರವಾರ. ಆ ದಿನವೇ ಕ್ಯಾಥೊಲಿಕರು ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದರಂತೆ. ಕ್ಯಾಥೊಲಿಕರ ಪರಮಪ್ರಸಾದದ ಹಬ್ಬದ ಮೆರವಣಿಗೆ ಹೊರಟ ದಿನ ಲೂಥರನ್ನರು ಅದೇ ಕೆಲಸ ಮಾಡಿ ಲೆಕ್ಕ ತೀರಿಸುತ್ತಿದ್ದರಂತೆ. ಆಲ್ಸೇಸಿನ ಮಿಶ್ರ ಹಳ್ಳಿಗಳ ಬಗ್ಗೆ ಜನ ಇಂದಿಗೂ ಹೇಳಿಕೊಳ್ಳುವ ಮಾತಿದು. ಇದನ್ನು ಬರಿಯ ವೈರವೆಂದು ತಳ್ಳಿಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನೆರೆಯವರ ಪಂಚಾಂಗ ಬಾಯಿಪಾಠವಾಗಿದ್ದವರಷ್ಟೇ ಅವರನ್ನು ಇಷ್ಟು ಕರಾರುವಾಕ್ಕಾಗಿ ಕೆಣಕಬಲ್ಲರು.

ಎರಡು ಸಭೆಗಳ ನಡುವಿನ ಗೆರೆ ಸ್ಪಷ್ಟವಾಗಿದ್ದಲ್ಲಿ ಎಲ್ಲೆಡೆ ಶಾಂತಿಯಿತ್ತೆಂದೂ ಅಲ್ಲ. ಜರ್ಮನಿಯ ಹೈಡೆಲ್‌ಬರ್ಗಿನ ಪವಿತ್ರಾತ್ಮ ಚರ್ಚಿನಲ್ಲಿ 1706ರ ಹೊತ್ತಿಗೆ ನಡುಗೋಡೆಯನ್ನೇ ಕಟ್ಟಿದರು. ಒಂದು ಕಡೆ ಕ್ಯಾಲ್ವಿನ್ ಪಂಥದ ರಿಫಾರ್ಮ್ಡ್ ಸಭೆ, ಇನ್ನೊಂದು ಕಡೆ ಕ್ಯಾಥೊಲಿಕರು. 1719ರಲ್ಲಿ ಅಲ್ಲಿನ ದೊರೆ ಕಾರ್ಲ್ ಫಿಲಿಪ್ ಗೋಡೆ ಕೆಡವಿಸಿ ಇಡೀ ಚರ್ಚನ್ನು ಕ್ಯಾಥೊಲಿಕರಿಗೆ ಕೊಡಲು ಹೊರಟ. ಪ್ರೊಟೆಸ್ಟಂಟ್ ರಾಜ್ಯಗಳು ಸಿಡಿದೆದ್ದಾಗ ಮಣಿಯಬೇಕಾಯಿತು. ಗೋಡೆ ಮತ್ತೆ ಎದ್ದಿತು, ದೊರೆ 1720ರಲ್ಲಿ ರಾಜಧಾನಿಯನ್ನೇ ಮ್ಯಾನ್‌ಹೈಮಿಗೆ ಸಾಗಿಸಿದ. ಆ ಗೋಡೆ ಕೊನೆಗೂ ಬಿದ್ದದ್ದು 1936ರಲ್ಲಿ. ಆದರೆ ಆ ಸೀಮೆಯಿಂದಲೇ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಲೂಥರನ್, ರಿಫಾರ್ಮ್ಡ್ ರೈತರು ಯಾವ ಅರಸನ ಆಜ್ಞೆಯೂ ಇಲ್ಲದೆ ಕೂಡುಚರ್ಚುಗಳನ್ನು ಕಟ್ಟಿಕೊಂಡರು. ಕಟ್ಟಡ ಒಂದು, ಪಾದ್ರಿಗಳು ಇಬ್ಬರು, ಒಂದೊಂದು ಭಾನುವಾರ ಒಬ್ಬೊಬ್ಬರ ಸರದಿ. ಎರಡು ಚರ್ಚು ಕಟ್ಟುವಷ್ಟು ಹಣ ಯಾರಲ್ಲೂ ಇರಲಿಲ್ಲ. ಇವುಗಳಲ್ಲಿ ಹಲವು 20ನೇ ಶತಮಾನದಲ್ಲಿ ಬೇರ್ಪಟ್ಟವು. ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ ಪ್ರತಿ ಸಭೆಗೂ ತನ್ನದೇ ಸೂರು ಬೇಕೆನಿಸಿತು.

ಆಲ್ಸೇಸಿನಲ್ಲೂ ಬೇರ್ಪಡಿಸುವ ಯತ್ನಗಳಾದವು. ನೆಪೋಲಿಯನ್ನನ ಕಾಲದ 1802ರ ಕಾಯಿದೆ, ಒಂದು ದೇವಾಲಯ ಒಂದೇ ಪಂಥಕ್ಕೆ ಮೀಸಲು ಎಂದು ವಿಧಿಸಿತು. ಹಳ್ಳಿಗಳಲ್ಲಿ ಆ ವಿಧಿಗಿಂತ ರೂಢಿಯೇ ಗೆದ್ದಿತು. 1905ರಲ್ಲಿ ಫ್ರಾನ್ಸ್ ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿದಾಗ ಈ ಪ್ರಾಂತ್ಯ ಜರ್ಮನಿಯ ವಶದಲ್ಲಿತ್ತು. 1918ರ ನಂತರ ಹಿಂದಿರುಗಿದಾಗಲೂ ಆ ಕಾನೂನು ಇಲ್ಲಿಗೆ ಅನ್ವಯಿಸಲಿಲ್ಲ. ಹೊಸ ಚರ್ಚು ಕಟ್ಟಿಕೊಳ್ಳುವ ಶಕ್ತಿ ಬಂದ ಊರುಗಳಲ್ಲಿ ಒಂದು ಸಭೆ ಹೊರನಡೆಯಿತು, ಉಳಿದೆಡೆ ಹಂಚಿಕೆ ಮುಂದುವರಿಯಿತು. ಹುನಾವೀರ್ ಉಳಿದವುಗಳ ಸಾಲಿಗೆ ಸೇರಿದೆ.

ಲೂವ್ವಾನ ಕುಟಿಲ ಲೆಕ್ಕಾಚಾರದ ಒಂದು ಫಲ ಇಂದಿನ ಕಾರ್ಮಿಕ ಕಾನೂನಿನಲ್ಲೂ ಕಾಣುತ್ತದೆ. ಫ್ರಾನ್ಸಿನ ಮುಖ್ಯನೆಲದ ಉಳಿದ ಭಾಗದಲ್ಲಿ ಶುಭ ಶುಕ್ರವಾರ ಸಾರ್ವತ್ರಿಕ ರಜೆಯಲ್ಲ. ಆಲ್ಸೇಸ್ ಮತ್ತು ಪಕ್ಕದ ಮೊಸೆಲ್‌ನಲ್ಲಿ ಮಾತ್ರ, 1892ರ ಜರ್ಮನ್ ಆಳ್ವಿಕೆಯ ಆದೇಶದ ಬಲದಿಂದ, ಪ್ರೊಟೆಸ್ಟಂಟ್ ಚರ್ಚು ಅಥವಾ ಹಂಚಿಕೆಯ ಚರ್ಚು ಇರುವ ಊರುಗಳಿಗೆ ಅಂದು ರಜೆ. ಹುನಾವೀರಿನಲ್ಲಿ ಆ ರಜೆ ಕ್ಯಾಥೊಲಿಕರಿಗೂ ಲೂಥರನ್ನರಿಗೂ ಒಟ್ಟಿಗೇ ಸಿಗುತ್ತದೆ.