ಕೂರಿಗೆ, ಹಗೇವು, ಹಕ್ಕಲು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಕ್ರೈಸ್ತ ಕುಟುಂಬಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮಿಷನರಿಗಳ ಹೆಸರಿನಿಂದಲೋ ದೇವಾಲಯದ ಅಡಿಗಲ್ಲಿನಿಂದಲೋ ಆರಂಭಿಸುತ್ತಾರೆ. ನಾನು ಹೊಲದಿಂದ ಆರಂಭಿಸುತ್ತೇನೆ. ಅಕ್ಷರ ಬಾರದ ನನ್ನ ಅಜ್ಜಿ ಸತ್ಯವೇದವನ್ನು ಕಲಿತದ್ದು ಅಲ್ಲಿಯೇ. ತಾತ ಓದಬಲ್ಲವರಾಗಿದ್ದರು. ರಾತ್ರಿ ಬುಡ್ಡಿದೀಪದ ಬೆಳಕಿನಲ್ಲಿ ಅವರು ಓದುವರು, ಅಜ್ಜಿ ತಕರಾರು ತೆಗೆಯುವಳು.

ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ, ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ. ಅದೇ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಸಿದರು. ಆದರೆ ನಮ್ಮಂತಹ ಮನೆತನಗಳಿಗೆ ದಾರಿ ತೆರೆದದ್ದು ಪುಸ್ತಕವಲ್ಲ, 1876-78ರ ಮಹಾಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರವಿದ್ದುದು 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ತಂದೆತಾಯಿ ಇಲ್ಲವಾದ ಮಕ್ಕಳನ್ನು ಮಿಷನ್ನುಗಳು ಸಾಕಿದವು. ಬೆಂಗಳೂರಿನ ಬಳಿಯ ಸಿಲುವೆಪುರವೆಂಬ ಊರು ಅಂತಹ ಮಕ್ಕಳಿಗಾಗಿಯೇ ಕ್ಯಾಥೋಲಿಕರು ಕಟ್ಟಿದ್ದು. ನನ್ನ ತಾತನ ತಂದೆಯೂ ಪಾವಗಡದ ಕಡೆಯಿಂದ ತುಮಕೂರಿನ ದಾರಿ ಹಿಡಿದು ಬಂದ ಒಬ್ಬ ಅನಾಥ ಬಾಲಕ.

‘ನೀವು ಗಂಜಿಗಾಗಿ ಸೇರಿದವರು’ ಎಂದು ಸಹೋದ್ಯೋಗಿಯೊಬ್ಬರು ಒಮ್ಮೆ ನಗುತ್ತಲೇ ಅಂದರು. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ: ಹೌದು, ಗಂಜಿಗಾಗಿಯೇ. ಆದರೆ ಬರ ಮುಗಿದು ಮಳೆ ಬಂದ ಮೇಲೆಯೂ ಅವರು ಅಲ್ಲಿಯೇ ಉಳಿದರಲ್ಲ, ಆ ಉಳಿದದ್ದರ ಕಾರಣವನ್ನು ಗಂಜಿಯಲ್ಲಿ ಹುಡುಕಿದರೆ ಸಿಗದು.

ಬಿತ್ತುವವನ ಸಾಮ್ಯವನ್ನು ತಾತ ಓದಿದಾಗ ಅಜ್ಜಿಗೆ ನಗು ಬಂದಿತಂತೆ. ದಾರಿಯ ಮೇಲೂ ಮುಳ್ಳಿನಲ್ಲೂ ಬೀಜ ಚೆಲ್ಲುವವನು ಎಂಥ ಒಕ್ಕಲಿಗ? ನಮ್ಮಲ್ಲಿ ರಾಗಿಯನ್ನು ಕೂರಿಗೆಯಿಂದ ಸಾಲು ಹಿಡಿದು ಬಿತ್ತುತ್ತಾರೆ. ಒಂದೊಂದು ಕಾಳಿಗೂ ಲೆಕ್ಕವುಂಟು. 1800ರಲ್ಲಿ ಮಧುಗಿರಿಯ ಮಾರ್ಗವಾಗಿ ಶಿರಾಕ್ಕೆ ಹೋದ ಬುಕಾನನ್ ಸಾಹೇಬರೂ ನಮ್ಮ ಬೇಸಾಯದ ಉಪಕರಣಗಳನ್ನು ಕುತೂಹಲದಿಂದ ಗಮನಿಸಿ ಬರೆದಿದ್ದಾರೆ. ಆ ದೇಶದಲ್ಲಿ ಕೈಯಿಂದ ಎರಚಿ ಬಿತ್ತುವ ಪದ್ಧತಿಯಿತ್ತೆಂದು ತಾತನಿಗೂ ತಿಳಿದಿರಲಿಲ್ಲ. ಬಹಳ ಯೋಚಿಸಿ ಅಜ್ಜಿಯೇ ಪರಿಹಾರ ಕಂಡುಕೊಂಡಳು. ಹಿಂಗಾರಿನ ಹೊತ್ತಿಗೆ, ಬೇರೇನೂ ಬೆಳೆಯದ ಬಡ ನೆಲಕ್ಕೆ ನಾವು ಹುರುಳಿಯನ್ನು ಎರಚುವುದಿಲ್ಲವೇ? ‘ದೇವರು ರಾಗಿ ಬಿತ್ತಿದಂಗೆ ಬಿತ್ತಾಕಿಲ್ಲ, ಹುರುಳಿ ಚೆಲ್ಲಿದಂಗೆ ಚೆಲ್ತಾನೆ’ ಎಂದಳು. ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ನಾನು ಯಾವ ಬೋಧಕರಿಂದಲೂ ಕೇಳಿಲ್ಲ. ಬಂಡೆಯ ಮೇಲಣ ತೆಳುಮಣ್ಣಿನ ಮಾತನ್ನಂತೂ ಮಧುಗಿರಿಯ ಏಕಶಿಲಾ ಬೆಟ್ಟದ ಬುಡದವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಶಿರಾ ಕಡೆಯ ಕುರಿಹಟ್ಟಿಗಳನ್ನು ಕಂಡವರಿಗೆ ಕಳೆದುಹೋದ ಕುರಿಯ ಕಥೆಯೂ ಹೊಸದಲ್ಲ. ಅದನ್ನು ಬಿಡುತ್ತೇನೆ.

ಅಜ್ಜಿಗೆ ಕೊನೆಯವರೆಗೂ ಸಮಾಧಾನವಾಗದೆ ಉಳಿದದ್ದು ಕಣಜಗಳನ್ನು ಒಡೆದು ದೊಡ್ಡದಾಗಿ ಕಟ್ಟಿಸಹೊರಟ ಧನವಂತನ ಕಥೆ. ಅವನನ್ನು ಬುದ್ಧಿಹೀನನೆಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ನಿಮ್ಮಲ್ಲಿ ಕಿರಿಯರು ಹಗೇವನ್ನು ನೋಡಿರಲಾರಿರಿ. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿಯ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿಯಿಟ್ಟು ಮಣ್ಣಿನಿಂದ ಮೆತ್ತಿಬಿಡುವರು. ಹುಳು ಹಿಡಿಯದೆ ವರ್ಷಗಟ್ಟಲೆ ಕಾಳು ಕೆಡದು. ತೆರೆದ ಕೂಡಲೇ ಒಳಗಿಳಿದರೆ ಉಸಿರುಕಟ್ಟಿ ಸಾಯುವ ಭಯವುಂಟು; ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಕ್ಷಾಮದಲ್ಲಿ ಹಗೇವಿದ್ದ ಮನೆಗಳು ಬದುಕಿದವು, ಇಲ್ಲದವು ಹಾಳಾದವು ಎಂದು ಮಾವನ ಬಾಯಿಂದ ಕೇಳಿದ್ದವಳು ಅವಳು. ಹೀಗಾಗಿ ಐಗುಪ್ತದಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟ ಯೋಸೇಫನೇ ಅವಳಿಗೆ ಪ್ರಿಯ. ‘ಆ ಸಾಹುಕಾರನ ಮಾತಿನಲ್ಲಿ ನಾನು, ನನ್ನದು ಎಂಬುದಲ್ಲದೆ ಇನ್ನೊಬ್ಬರ ಸುದ್ದಿಯೇ ಇಲ್ಲ, ಗಮನಿಸು; ಯೋಸೇಫನ ಹಗೇವು ಊರಿಗೆಲ್ಲ ತೆರೆಯಿತು’ ಎಂದು ತಾತ ಹೇಳುತ್ತಿದ್ದರು. ಅವಳು ತಲೆಯಾಡಿಸುವಳು, ಒಪ್ಪಳು.

ನಮಗೆ ಸ್ವಂತ ಹೊಲವಾದದ್ದು ಬಹಳ ತಡವಾಗಿ. ಅದುವರೆಗೆ ಮನೆಯ ಹೆಂಗಸರು ಕೊಯ್ಲಾದ ಹೊಲಗಳಲ್ಲಿ ಹಕ್ಕಲಾಯುತ್ತಿದ್ದರು. ಉದುರಿದ ತೆನೆ, ಬಿರುಕಿನಲ್ಲಿ ಉಳಿದ ಕಡಲೆಕಾಯಿ, ಏನು ಸಿಕ್ಕರೂ ಮಡಿಲಿಗೆ. ಕೆಲವು ಹೊಲದೊಡೆಯರು ಬೈದು ಅಟ್ಟುವರು. ರೂತಳ ಕಥೆಯನ್ನು ಓದಿದ ರಾತ್ರಿ ಅಜ್ಜಿ ಎರಡು ಬಾರಿ ಓದಿಸಿದಳಂತೆ. ಪರದೇಶದಿಂದ ಬಂದ ವಿಧವೆಯೊಬ್ಬಳು ಹಕ್ಕಲಾಯ್ದಳು, ಅವಳ ಸಂತತಿಯಲ್ಲಿ ದಾವೀದ ಅರಸ ಹುಟ್ಟಿದ. ಅದಕ್ಕಿಂತ ಹೆಚ್ಚಾಗಿ, ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೆ ಬಿಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರವೇ ಆಗಿತ್ತೆಂದು ತಿಳಿದು ಅವಳು ಬೆರಗಾದಳು. ಹಕ್ಕಲು ಭಿಕ್ಷೆಯಲ್ಲ, ಹಕ್ಕು! (ಈ ಎರಡು ಪದಗಳಿಗೆ ವ್ಯುತ್ಪತ್ತಿಯಲ್ಲಿ ನಂಟಿಲ್ಲ, ಕನ್ನಡ ಮೇಷ್ಟರಾಗಿ ಇದನ್ನು ಹೇಳಲೇಬೇಕು.) ಮಾರನೆಯ ದಿನದಿಂದ ಅವಳು ತಲೆ ತಗ್ಗಿಸದೆ ಹೊಲಕ್ಕಿಳಿದಳು.

ಇಂದು ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಸೌರಫಲಕಗಳ ಕೆಳಗಿದೆ. ರೈತರಿಗೆ ಗುತ್ತಿಗೆ ಹಣ ಬರುತ್ತದೆ, ಕೆಟ್ಟದ್ದೆನ್ನಲಾರೆ. ಆದರೆ ಅಲ್ಲಿ ಆಯಲು ಹಕ್ಕಲು ಉಳಿಯುವುದಿಲ್ಲ.

ನಮ್ಮ ಸಭೆಗಳಲ್ಲಿ ಸುಗ್ಗಿಯ ಹಬ್ಬದಂದು ಮೊದಲ ಫಲವನ್ನು ಅರ್ಪಿಸಿ, ಬಳಿಕ ಹರಾಜು ಹಾಕುವ ಪದ್ಧತಿ ಇಂದಿಗೂ ಇದೆ. ಕುಂಬಳಕಾಯಿ, ಕೋಳಿ, ತೆಂಗಿನ ಗೊನೆ ಬರುತ್ತವೆ. ಸ್ವಂತ ಹೊಲವಿಲ್ಲದ ಅಜ್ಜಿ ಒಂದು ವರ್ಷ ಹಕ್ಕಲು ರಾಗಿಯನ್ನೇ ಕೇರಿ, ಒಂದು ಮೊರದಷ್ಟನ್ನು ಒಯ್ದು ಇಟ್ಟಳಂತೆ. ಅದನ್ನು ಯಾರು ಕೊಂಡರೆಂಬುದು ಅವಳಿಗೆ ಮರೆತುಹೋಗಿತ್ತು. ಎಂಟಾಣೆಗೆ ಹೋಯಿತೆಂಬುದು ಮಾತ್ರ ನೆನಪಿತ್ತು.